ಹುಲಿಗವ್ವ ದೋಣಿಯ ಮುಂದೆ ಕೂತದ್ದು

ನಮ್ಮ ಹನುಮನಹಳ್ಳಿಯ ಮಾರೆಪ್ಪ ಹುಟ್ಟು ಹಿಡಿದರೆ ಹೊಳೆಯೇ ದಾರಿ ಬಿಡುತ್ತಿತ್ತು. ಬುಟ್ಟಿಯಂಥ ಹರಿಗೋಲಿನ ಮುಂದೆ ಕೂತು, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, ಬಂಡೆಗಳ ನಡುವೆ ಜನರನ್ನು ದಾಟಿಸುತ್ತಿದ್ದ. ಸೇತುವೆಯಾದ ಮೇಲೆ ಹರಿಗೋಲು ಹತ್ತುವವರು ಕಡಿಮೆಯಾದರು. ಮಾರೆಪ್ಪ ಮಲ್ಪೆ ಬಂದರಿಗೆ ಮೀನು ಇಳಿಸುವ ಕೆಲಸಕ್ಕೆ ಹೋದ. ನಮ್ಮ ಕಡೆಯ ಜನ ಅಲ್ಲಿ ಬಹಳ.

ಅಲ್ಲಿ ಅವನಿಗೆ ಕಡಲಿನ ಹುಚ್ಚು ಹಿಡಿಯಿತು. ಹೆಂಡತಿ ಹುಲಿಗವ್ವನಿಗೆ ಫೋನು ಮಾಡಿದರೆ ಅದೇ ಮಾತು. ನಾನು ಪಕ್ಕದ ಮನೆಯವಳು, ಅವಳು ಸ್ಪೀಕರ್ ಹಾಕಿದರೆ ಕಾಳು ಹಸನು ಮಾಡುತ್ತ ಕೇಳುತ್ತಿದ್ದೆ.

“ಇಲ್ಲೊಂದು ದೊಡ್ಡ ಬೋಟು ಐತಿ. ಪ್ರವಾಸದ ಮಂದಿನ್ನ ಕರ್ಕೊಂಡು ಕಡಲ ದಂಡಿ ಹಿಡದು ಗಂಗೊಳ್ಳಿ, ಹೊನ್ನಾವರ, ಕಾರವಾರಕ್ಕ ಹೋಗ್ತೈತಿ. ಅಡಿಗಿಗೆ ಗಂಡ ಹೆಂಡ್ತಿ ಬೇಕಂತ. ಒಬ್ಬನ್ನ ಇಟ್ಕೊಳ್ಳಂಗಿಲ್ಲಂತ. ನೀ ಬಾ.”

“ಅದನ್ನ ಯಾರು ನಡಸ್ತಾರ?”

“ಎಂಜಿನ್ನು.”

“ಹಂಗಾರ ಎಂಜಿನ್ ಜೋಡಿನ ಸಂಸಾರ ಮಾಡು. ನೀ ಹುಟ್ಟು ಹಾಕದ ದೋಣ್ಯಾಗ ನಾ ಕಾಲಿಡಂಗಿಲ್ಲ.”

ಅದು ಬರೀ ಹಟವಲ್ಲ, ಅಂಜಿಕೆ. ಮದುವೆಯಾದಾಗಿನಿಂದ ಅವಳು ಹರಿಗೋಲಿನಲ್ಲಿ ಗಂಡನ ಹಿಂದೆಯೇ ಕೂತವಳು. ಅವನ ಬೆನ್ನು ಎದುರಿಗಿದ್ದರೆ ಅವಳಿಗೆ ನೀರೂ ನೆಲವೇ.

ದೊಡ್ಡ ಬೋಟು ದಂಡೆಯಿಂದ ದೂರ ನಿಲ್ಲುತ್ತದೆ. ಅಲ್ಲಿಯವರೆಗೆ ಒಂದು ಪುಟ್ಟ ದೋಣಿ. ಅದಕ್ಕೆ ತಾನೇ ಹುಟ್ಟು ಹಾಕುತ್ತೇನೆಂದು ಬೋಟಿನ ಯಜಮಾನ ದಯಾನಂದನನ್ನು ಮಾರೆಪ್ಪ ಒಪ್ಪಿಸಿದ. ಹುಲಿಗವ್ವನೂ, “ಮದ್ಲು ಅಲ್ಲಿತನಕ ಮುಟ್ಟಸು, ಆಮ್ಯಾಲ ನೋಡೂಣು” ಅಂದಳು.

ಮೊದಲ ದಿನ ಮಾರೆಪ್ಪ ರೂಢಿಯಂತೆ ಮುಂದೆ ಕೂತು ನೀರು ಎಳೆದ. ದೋಣಿ ನಿಂತಲ್ಲೇ ಸುತ್ತಿತು.

“ಎಂತ ಮಾರಾಯಾ, ಕಡಲಿಗೆ ರಂಗೋಲಿ ಹಾಕ್ತಿದ್ದೀಯಾ?” ಎಂದು ದಯಾನಂದ ನಕ್ಕ. “ಇದು ನಿನ್ನ ಬುಟ್ಟಿ ಅಲ್ಲ. ಇದಕ್ಕೆ ಮೂತಿ ಉಂಟು. ಹಿಂದೆ ಕೂತ್ಕೋ.”

ಕಡಲು ಬಂಗಾರದ ಬಣ್ಣಕ್ಕೆ ತಿರುಗುವ ಹೊತ್ತಿನಲ್ಲಿ ಮಾರೆಪ್ಪ ದಿನಾ ಹಿಂದೆ ಕೂತು ಕಲಿತ.

ದೀಪಾವಳಿ ಕಳೆದ ಮೇಲೆ ಹುಲಿಗವ್ವ ಸಜ್ಜೆ ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟಳು. ಜೊತೆಗೆ ನಾನೂ ಹೋದೆ. ಬಂದರಿನಲ್ಲಿ ಐಸು ಒಡೆಯುವ ಸದ್ದು, ಬಲೆ ಹೆಣೆಯುವವರ ಹಾಡು, ಬಣ್ಣಬಣ್ಣದ ಬಾವುಟ. ನಿದ್ದೆಯಲ್ಲಿ ನಡೆದಂತೆ ನಡೆದೆವು.

ದಂಡೆಯಲ್ಲಿ ಮಾರೆಪ್ಪ ಪುಟ್ಟ ದೋಣಿ ಹಿಡಿದು ನಿಂತಿದ್ದ. ಹುಲಿಗವ್ವ ನೀರಿಗಿಳಿದು ಅದರ ಹಿಂಭಾಗಕ್ಕೆ ಹೋದಳು.

“ಅಲ್ಲಲ್ಲ, ನೀ ಮುಂದ ಕುಂದ್ರು,” ಅಂದ ಮಾರೆಪ್ಪ.

“ಮುಂದ? ನಿನ್ನ ಬೆನ್ನು ಕಾಣಂಗಿಲ್ಲಲ್ಲ.”

“ನನ್ನ ಬೆನ್ನಾಗ ಏನೈತಿ ನೋಡಾಕ? ಇಷ್ಟು ದಿನ ಅದನ್ನ ನೋಡೀದಿ.”

ಅವಳು ನೀರಿನಲ್ಲೇ ನಿಂತಳು. ತೆರೆ ಬಂದು ಸೀರೆಯ ಅಂಚು ನೆನೆಸಿ ಹೋಯಿತು. ಅವಳು ತಿರುಗಿ ಬಂದರೆ ಕೆಲಸ ಬೇರೆಯವರಿಗೆ, ಮಾರೆಪ್ಪ ಮತ್ತೆ ಮೀನಿನ ಬುಟ್ಟಿಗೆ. ಅವನು ಒತ್ತಾಯ ಮಾಡಲಿಲ್ಲ.

ಕೊನೆಗೆ ಅವಳು ಸೆರಗು ಸಿಕ್ಕಿಸಿ ಮುಂದೆ ಹೋಗಿ ಕೂತಳು.

“ಮಾತಾಡ್ಕೋತ ಹುಟ್ಟು ಹಾಕು. ನೀ ಹಿಂದ ಅದಿ ಅಂತ ಗೊತ್ತಾಗ್ಬೇಕು.”

ಮಾರೆಪ್ಪ ಮಾತಾಡುತ್ತಲೇ ಹೋದ. ಏನೆಂದನೋ ದಂಡೆಗೆ ಕೇಳಲಿಲ್ಲ, ದನಿ ಮಾತ್ರ ತೇಲಿಬಂತು. ಎದುರಿಗೆ ಯಾರ ಬೆನ್ನೂ ಇಲ್ಲದೆ ಹುಲಿಗವ್ವ ಮೊದಲ ಸಲ ಇಡೀ ನೀರನ್ನು ನೋಡುತ್ತ ಕೂತಿದ್ದಳು.

ಮೊನ್ನೆ ಹೊನ್ನಾವರದಿಂದ ನನಗೆ ಫೋನು ಮಾಡಿದ್ದಳು.

“ಚಿಗವ್ವಾ, ಇಲ್ಲಿ ಹೊಳಿ ಬಂದು ಕಡಲು ಸೇರತೈತಿ. ನೋಡ್ಕೋತ ನಿಂತು ರೊಟ್ಟಿ ಹೊತ್ತಿಸಿಬಿಟ್ಟೆ.”

“ನಿನ್ನ ಗಂಡ ಬೈಲಿಲ್ಲೇನ?”

“ಅವನೂ ಬಾಜೂಕ ನಿಂತಿದ್ದ. ಅವಗೂ ವಾಸನಿ ಬಂದಿಲ್ಲ ನೋಡು!”