ಎರಡನೆಯ ಸ್ಯಾಂಪಲ್

ಬೆಂಡೆ ಹೂವಿಗೆ ಇರುವುದು ಒಂದೇ ಮುಂಜಾವು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಗುರುತಿಸಿ, ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಭಾಗ ತೆಗೆದು ಮುಚ್ಚಿಡಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪುಡಿ ಮುಟ್ಟಿಸಿ ದಾರ ಕಟ್ಟಬೇಕು. ಬಿಸಿಲೇರಿತೋ, ಮುಗಿಯಿತು. ಬೀಜದ ಕಂಪನಿಗಳಿಗಾಗಿ ನಮ್ಮ ಕಡೆಯ ಹೊಲಗಳಲ್ಲಿ ನಡೆಯುವ ಈ ಕೆಲಸಕ್ಕೆ ಎಲ್ಲರೂ ಕ್ರಾಸಿಂಗ್ ಅನ್ನುತ್ತಾರೆ. ಹಿರೇಕೆರೂರು ಕಡೆಯ ತವರಿನಲ್ಲಿ ಅವ್ವನ ಜೊತೆ ಕೂಲಿಗೆ ಹೋಗಿ ಕಲಿತವಳು ನಾನು. ಮದುವೆಯಾಗಿ ಹಾನಗಲ್ಲಿನ ಹತ್ತಿರದ ಹಳ್ಳಿಗೆ ಬಂದ ಮೇಲೆ ನನ್ನದೇ ಹೆಣ್ಣಾಳುಗಳ ಗುಂಪು ಕಟ್ಟಿದೆ. ರಟ್ಟೀಹಳ್ಳಿಯಿಂದ ಹತ್ತಿಮತ್ತೂರಿನವರೆಗೆ ಯಾವ ಹೊಲದವರು ಕೂಲಿಗೆ ಎಲ್ಲಿಯವರೆಗೆ ಜಗ್ಗುತ್ತಾರೆ, ಎಲ್ಲಿ ಬಿಡುತ್ತಾರೆ, ನನಗೆ ಗೊತ್ತು. ಚೌಕಾಸಿಗೆ ಕುಳಿತರೆ ಮೊದಲು ಏಳುವವಳು ನಾನಲ್ಲ.

ಆ ಧೈರ್ಯದಲ್ಲೇ ಶಿಗ್ಗಾವಿಯ ಡಾಕ್ಟರಮ್ಮನ ಮುಂದೆಯೂ ಕುಳಿತೆ. ವಯಸ್ಸು ಮೂವತ್ತು ದಾಟಿತ್ತು, ಬಸಿರು ನಿಂತಿರಲಿಲ್ಲ. ಅವರು ರಕ್ತ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ನೋಡಿ, ಸಮಾಧಾನದಿಂದಲೇ ಹೇಳಿದರು: "ನಿಮ್ಮ ಅಂಡಾಶಯದಾಗ ತತ್ತಿ ಕಡಿಮಿ ಉಳದಾವ್ರಿ. ಈ ವಯಸ್ಸಿಗೆ ಇರಬೇಕಾದಷ್ಟಿಲ್ಲ."

"ತಿಂಗಳಾ ತಪ್ಪದ ಮುಟ್ಟಾಗ್ತೇನ್ರಿ ನಾನು. ಕಡಿಮಿ ಹೆಂಗಾಗ್ತಾವು?"

"ಮುಟ್ಟ ಬರೂದು ಬ್ಯಾರೆ, ಒಳಗ ಎಷ್ಟ ಉಳದಾವು ಅನ್ನೂದು ಬ್ಯಾರೆ."

"ಮತ್ತ ಹುಟ್ಟಾಕ ಏನರ ಔಷಧ ಕೊಡ್ರಿ."

"ಹೊಸಾವು ಹುಟ್ಟಂಗಿಲ್ರಿ. ಹೆಣ್ಣು ಹುಟ್ಟುವಾಗನ ಎಲ್ಲಾ ತಗೊಂಡ ಬಂದಿರ್ತಾಳ. ಮಕ್ಕಳಾಗೂದಿಲ್ಲಂತ ನಾ ಹೇಳಾಕತ್ತಿಲ್ಲ. ತಡಾ ಮಾಡಬ್ಯಾಡ್ರಿ ಅಂತ ಹೇಳಾಕತ್ತೇನಿ. ನಿಮ್ಮ ಅವ್ವಗ ಮುಟ್ಟ ಯಾವಾಗ ನಿಂತ್ವು?"

ಅವ್ವನಿಗೆ ನಲವತ್ತಕ್ಕೂ ಮೊದಲೇ ನಿಂತಿತ್ತು. "ಪುಣ್ಯಾ ಮಾಡೀದಿ, ದೌಡ ಪಾರಾದಿ" ಎಂದು ಹೊಲದಲ್ಲಿ ಹೆಂಗಸರೆಲ್ಲ ಅವಳನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಅದು ನನಗೂ ಬರಬಹುದಾದದ್ದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮನೆಗೆ ಬಂದು ಹೇಳಿದರೆ ನನ್ನ ಗಂಡ ನಕ್ಕುಬಿಟ್ಟರು. "ಸ್ಯಾಂಪಲ್ ಸರಿ ತಗದಿಲ್ಲ ಅವರು. ಮತ್ತೊಮ್ಮೆ ಕೊಟ್ಟ ನೋಡೂಣು."

ಇದು ಬೀಜ ಬೆಳೆಯುವ ಮನೆಯವರ ಮಾತು. ನಮ್ಮಲ್ಲಿ ಕಂಪನಿಯ ಮೊಳಕೆ ಪರೀಕ್ಷೆಯಲ್ಲಿ ಬೀಜ ಫೇಲಾದರೆ ಯಾರೂ ಅದನ್ನು ಚೆಲ್ಲುವುದಿಲ್ಲ. ಜೊಳ್ಳು ತೂರಿ, ಮತ್ತೆ ಒಣಗಿಸಿ, ಎರಡನೆಯ ಸ್ಯಾಂಪಲ್ ಕಳಿಸುತ್ತೇವೆ. ಹಾಗೆ ನಾವಿಬ್ಬರೂ ಕೂಡಿ ಉಳಿಸಿದ ಬೀಜವೇ ಬಹಳ. ಫೇಲು ಅಂದರೆ ನಮ್ಮ ಮನೆಯಲ್ಲಿ ಮಾತು ಮುಗಿಯಿತು ಅಂತಲ್ಲ, ಶುರುವಾಯಿತು ಅಂತ.

ಹಾನಗಲ್ಲಿನಲ್ಲಿ ಮತ್ತೆ ರಕ್ತ ಕೊಟ್ಟೆ. ನಂಬರ್ ಅಷ್ಟೇ ಬಂತು. ಅತ್ತೆ ಯಾರೋ ಹೇಳಿದ ಬೇರಿನ ಪುಡಿ ತಂದು ಹಾಲಿನಲ್ಲಿ ಕುಡಿಸಿದರು, ಹುಲಗೂರಿನ ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿಕೊಂಡು ಬಂದರು. ಪುಡಿ ಮುಗಿದ ಮೇಲೆ ಸವಣೂರಿನಲ್ಲಿ ಕೊಟ್ಟೆ. ಅಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು ಬಂತು. "ಪಾಸಾತು" ಅಂದರು ನನ್ನ ಗಂಡ. ಅತ್ತೆ ಓಣಿಗೆಲ್ಲ ಪೇಡೆ ಹಂಚಿದರು. ಆ ಖುಷಿಯಲ್ಲಿ ಒಂದು ಸೀಜನ್ ಹೋಯಿತು. ಇನ್ನೊಂದು ಪುಡಿ, ಇನ್ನೊಂದು ಪರೀಕ್ಷೆ, ಇನ್ನೊಂದು ಸೀಜನ್.

ಕೊನೆಗೆ ಚೀಟಿಗಳನ್ನೆಲ್ಲ ಹಿಡಿದು ಶಿಗ್ಗಾವಿಗೇ ಹೋದೆವು. ಡಾಕ್ಟರಮ್ಮ ಅವನ್ನು ಟೇಬಲ್ಲಿನ ಮೇಲೆ ಹರವಿಕೊಂಡು ನನ್ನ ಗಂಡನ ವಾದವನ್ನು ಪೂರ್ತಿ ಕೇಳಿದರು.

"ಇದು ಮೊಳಕಿ ಪರೀಕ್ಷೆ ಅಲ್ರಿ. ಗೋದಾಮಿನಾಗ ಎಷ್ಟ ಚೀಲ ಉಳದಾವು ಅನ್ನೂ ಅಂದಾಜು, ಅಷ್ಟ. ಒಂದೊಂದ ಲ್ಯಾಬಿನಾಗ ಹೆಚ್ಚು ಕಡಿಮಿ ಬರೂದ. ಮೊಳಕಿ ಹೇಳೂದು ಇವರ ವಯಸ್ಸು. ಮೊದಲ ಬಂದಾಗ ಚೀಲ ಕಡಿಮಿ ಇದ್ರೂ ಕಾಳು ಗಟ್ಟಿ ಇದ್ವು. ನೀವು ನಂಬರ್ ಏರಸಾಕ ಕುಂತ್ರಿ, ವಯಸ್ಸು ನಿಮ್ಮ ಸಲುವಾಗಿ ಕುಂದರಲಿಲ್ಲ."

ನಾನು ಜಗ್ಗಾಡಲು ಬಾಯಿ ತೆರೆದೆ. ಬಿಟ್ಟುಕೊಡಬಲ್ಲವರು ಎದುರಿಗೆ ಯಾರೂ ಇರಲಿಲ್ಲ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ತತ್ತಿ ಬೆಳೆಸಲು ಹೊಟ್ಟೆಗೆ ದಿನಾ ಇಂಜೆಕ್ಷನ್. ಪಕ್ಕದ ಮಂಚದವಳಿಗೆ ಬೊಗಸೆ ತುಂಬ ತತ್ತಿ ಸಿಕ್ಕವು. ನನಗೆ ಸಿಕ್ಕದ್ದು ಬೆರಳೆಣಿಕೆ. ಅವುಗಳಲ್ಲಿ ಒಂದೇ ಒಂದು ಗಂಡನ ಬೀಜದೊಂದಿಗೆ ಕೂಡಿತು. ಅದನ್ನು ಒಳಗೆ ಬಿಟ್ಟರು. ಊರಿಗೆ ಬಂದು ದಿನ ಎಣಿಸುತ್ತಾ ಕುಳಿತೆ. ಒಂದು ಮುಂಜಾನೆ ಹತ್ತಿಮತ್ತೂರಿನ ಹೊಲದ ಬದುವಿನಲ್ಲಿ ನಿಂತು ಆಳುಗಳಿಗೆ ಸಾಲು ಹಂಚುತ್ತಿದ್ದಾಗ ಸೀರೆ ಒದ್ದೆಯಾಯಿತು. ಸಾಲು ಹಂಚಿ ಮುಗಿಸಿಯೇ ಮನೆಗೆ ಹೋದೆ. ಎರಡನೆಯ ಸಲ ಇಂಜೆಕ್ಷನ್ನಿಗೆ ಒಂದು ತತ್ತಿಯೂ ಬೆಳೆಯಲಿಲ್ಲ.

ಆ ವರ್ಷ ಒಬ್ಬ ಹೊಲದೊಡತಿ ಮೊದಲ ಹೂವಿಗೆ ದಾರ ಕಟ್ಟುವಾಗ ನನ್ನ ಕೈ ಹಿಡಿದಳು. "ನೀ ಬ್ಯಾಡವಾ ತಂಗಿ. ಮಕ್ಕಳೊಂದಿಗಳು ಯಾರರ ಕಟ್ಟಲಿ."

"ಕಟ್ಟಲಿ ಬಿಡ್ರಿ. ಬೀಜ ಕಡಿಮಿ ಬಂದ್ರ ಮಾತ್ರ ನನ್ನ ಕೇಳಬ್ಯಾಡ್ರಿ" ಅಂದೆ. ಆಳುಗಳು ಕಿಸಕ್ಕನೆ ನಕ್ಕರು. ದಾರದ ಉಂಡೆಯನ್ನು ಪಕ್ಕದವಳಿಗೆ ಕೊಟ್ಟೆ.

ಓದುವ ತಂಗಿಯರಿಗೆ ಹೇಳುವುದಿಷ್ಟು. ಅವ್ವನಿಗೋ ಅಕ್ಕನಿಗೋ ಬೇಗ ಮುಟ್ಟು ನಿಂತಿದ್ದರೆ, ಅಂಡಾಶಯದ ಆಪರೇಷನ್ ಆಗಿದ್ದರೆ, ಬೇಗ ಹೋಗಿ ಕೇಳಿಕೊಳ್ಳಿರಿ. ಗಂಡನ ಪರೀಕ್ಷೆಯನ್ನೂ ಕೂಡಿಯೇ ಮಾಡಿಸಿರಿ. ನನ್ನವರದು ಸರಿಯಿತ್ತು, ಆದರೆ ಅದು ಗೊತ್ತಾಗಲಿಕ್ಕೇ ತಡವಾಯಿತು. ನಂಬರ್ ಕಡಿಮೆ ಬಂದರೆ ಎದೆ ಒಡೆದುಕೊಳ್ಳಬೇಡಿರಿ, ಅಷ್ಟರಲ್ಲೂ ಬಸಿರಾದವರಿದ್ದಾರೆ. ಆದರೆ ಆ ನಂಬರ್ ಏರಿಸುತ್ತೇವೆ ಅನ್ನುವವರ ಅಂಗಡಿ ಹತ್ತಬೇಡಿರಿ. ಮುಂದೇನು ಅನ್ನುವುದನ್ನು ಆ ತಿಂಗಳೇ ನಿರ್ಧರಿಸಿರಿ.

ಹುಬ್ಬಳ್ಳಿಯ ಡಾಕ್ಟರು ಉಳಿದ ಒಂದು ದಾರಿ ಹೇಳಿದ್ದರು. ಬೇರೆ ಹೆಣ್ಣಿನ ತತ್ತಿ, ನನ್ನ ಗಂಡನ ಬೀಜ, ನನ್ನ ಹೊಟ್ಟೆ. ಗಂಡ "ನಮ್ಮವ್ವನ್ನ ಒಪ್ಪಸು" ಎಂದು ನನ್ನ ಮೇಲೆ ಹಾಕಿದರು. ಇದಕ್ಕಿಂತ ದೊಡ್ಡ ಚೌಕಾಸಿಗೆ ನಾನು ಕುಳಿತವಳಲ್ಲ. ಅತ್ತೆ ಬೆಂಡೆ ಬೀಜ ಕೇರುತ್ತಿದ್ದರು.

"ಬ್ಯಾರೇದಾಕಿ ತತ್ತಿ ಅಂದ್ರ ಕೂಸು ನಿಂದು ಹೆಂಗಾಗತೈತಿ?"

"ಅತ್ತಿ, ಹೆಣ್ಣು ಸಾಲು, ಗಂಡು ಸಾಲಿನ ಬೀಜ ಎರಡೂ ಕಂಪನೀವ್ರು ಕೊಡ್ತಾರ. ಹೊಲ ಯಾರ್ದ್ರಿ? ನೀರ ಹಾಸಿ ಬೆಳಸವ್ರು ಯಾರ್ರಿ?"

ಅವರು ಮೊರ ನಿಲ್ಲಿಸಿದರು. "ಬೆಳಸವ್ರು ನಾವವಾ. ಬೆಳದ ಮ್ಯಾಲೆ ಬೀಜ ಒಯ್ಯವ್ರು ಯಾರು?"

ಒಯ್ಯುವವರು ಕಂಪನಿಯವರೇ; ನಾನು ಮೊರದ ಕಾಳನ್ನು ಚೀಲಕ್ಕೆ ಸುರಿದೆ. ಗಂಡ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಬೈಕ್ ಹತ್ತಿ ಹೊಲಕ್ಕೆ ಹೋದರು. ಹುಬ್ಬಳ್ಳಿಯವರು ಫೋನ್ ಮಾಡಿದಾಗ ಬರುವುದಿಲ್ಲ ಎಂದು ಹೇಳಿದವಳು ನಾನೇ.

ಆ ಸಲ ನಮ್ಮ ಬೀಜ ಮೊದಲ ಸ್ಯಾಂಪಲ್ಲಿಗೇ ಪಾಸಾಯಿತು. ಚೀಲಗಳಿಗೆ ಸೀಲು ಬಿದ್ದು ಲಾರಿ ಹೋದ ಮೇಲೆ ಅತ್ತೆ ಅಂಗಳದಲ್ಲಿ ಉದುರಿದ್ದ ಕಾಳುಗಳನ್ನು ಆರಿಸಿ ಉಡಿಯಲ್ಲಿ ಹಾಕಿಕೊಂಡು ಬಂದರು.

"ಇವನ್ನ ಹಿತ್ತಲದಾಗ ಹಾಕಾಕ ಬರತೈತೇನ?"

"ಬ್ಯಾಡ್ರಿ ಅತ್ತಿ," ಅಂದೆ. "ಅವು ನಮ್ಮವಲ್ಲ."