ಅಳಿಯನ ತಿಂಡಿಗೆ ಏಡಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಆಗ ನಾನು ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯೋದು, ಕೆಲಸ ನೋಡಿಕೊಳ್ಳೋದು. ಮೈ ಮಾತ್ರ ಧಣಿಗಳದ್ದಕ್ಕಿಂತ ದೊಡ್ಡದು. ನಾನು ಹತ್ತಿದರೆ ಜೀಪು ಒಂದು ಕಡೆ ವಾಲುತ್ತಿತ್ತು. "ಮಧ್ಯ ಕೂತ್ಕೋ ಮಾರಾಯ, ತಿರುವಿನಲ್ಲಿ ನಂಗೆ ಹೆದ್ರಿಕೆ" ಅಂತ ಡ್ರೈವರ್ ಅಂದರೆ ನಾನೂ ನಗುತ್ತಿದ್ದೆ. ಸಕ್ಕರೆ ಕಾಯಿಲೆ ಏರಿ, ಮಂಡಿ ಸೋತು, ತೋಟದ ಏರಿನಲ್ಲಿ ಕೂತುಬಿಟ್ಟ ದಿನ ನಗು ಬರಲಿಲ್ಲ. ಮಂಗಳೂರಿಗೆ ಹೋಗಿ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡೆ.

ಮನೆಗೆ ಕಳಿಸುವಾಗ ಊಟ ತಿಂಡಿಯ ವಿಷಯ ಹೇಳುವ ಹುಡುಗಿ ಮಂಚದ ಪಕ್ಕ ಬಂದು ಕೂತಳು. "ಇನ್ನು ಬೆಳಿಗ್ಗೆ ಮೊದಲ ತುತ್ತೇ ಪ್ರೋಟೀನ್ ಆಗಿರ್ಬೇಕು ಸಾರ್. ಮೊಟ್ಟೆ, ಮೀನು, ಕಾಳು, ಪನೀರ್. ರೊಟ್ಟಿ, ಕಡುಬು ಎಲ್ಲ ಆಮೇಲೆ, ಜಾಗ ಉಳಿದ್ರೆ. ಮತ್ತೆ ನಿಧಾನ ತಿನ್ನಿ."

ಆ ನಿಧಾನವೇ ನನಗೆ ಬಾರದ ವಿದ್ಯೆ. ಹಾಜರಿ ಹೊತ್ತಿಗೆ ಓಡಬೇಕಲ್ಲ ಅಂತ ವರ್ಷಗಟ್ಟಲೆ ತಿಂಡಿಯನ್ನು ಗಬಗಬ ಮುಗಿಸಿದವನು. ಗಂಜಿಯ ದಿನಗಳು ಮುಗಿದು ಗಟ್ಟಿ ತಿನ್ನಲು ಶುರು ಮಾಡಿದಾಗ, ಹೆಂಡತಿ ಬೇಯಿಸಿಕೊಟ್ಟ ಮೊಟ್ಟೆಯನ್ನು ಎರಡೇ ತುತ್ತಿಗೆ ನುಂಗಿದೆ. ಅದು ಎದೆಯಲ್ಲೇ ನಿಂತು, ಹಿತ್ತಲಿಗೆ ಓಡಿ ಕಕ್ಕಿ ಬಂದೆ. ಹೆಸರುಕಾಳು ದೋಸೆಗೂ ಅದೇ ಗತಿ. ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿ ಕದಡಿ ಕೊಟ್ಟಳು. ಗೋಡೆಗೆ ಬಳಿಯುವ ಸುಣ್ಣ ಕುಡಿದ ಹಾಗಾಯ್ತು.

ಅಷ್ಟರಲ್ಲಿ ಕಳಸದಿಂದ ಅತ್ತೆ, ನನ್ನ ಹೆಂಡತಿಯ ತಾಯಿ, ನನ್ನನ್ನು ನೋಡಲು ಬಂದರು. ಮಾರನೇ ಬೆಳಿಗ್ಗೆ ಎದ್ದವರೇ ಕಡುಬು, ಕೋಳಿ ಸಾರು ಮಾಡಿದರು. ನಾನು ಕೋಳಿಯ ಸಣ್ಣ ತುಂಡು ತಿಂದು ಕಡುಬು ಪಕ್ಕಕ್ಕೆ ಸರಿಸಿದೆ. ಅತ್ತೆ ಕಡುಬಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. "ನನ್ನ ಕೈರುಚಿ ಕೆಟ್ಟೋಯ್ತಾ?" ಅಂತ ಮಗಳನ್ನು ಕೇಳಿದ್ದು ನನಗೂ ಕೇಳಿಸಿತು. ಅವಳು ಎಲ್ಲ ಬಿಡಿಸಿ ಹೇಳಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಹೊರಗೆ ಬಂದರು.

"ಮಾಂಸ ಆಗ್ತದೆ, ಬೇಗ ತಿನ್ನಬಾರ್ದು. ಅಷ್ಟೇ ತಾನೇ?"

"ಅಷ್ಟೇ ಅತ್ತೆ."

"ಹಾಗಾದ್ರೆ ನಿಮಗೆ ಏಡಿ ಆಗ್ಬೇಕು."

ಸಂಜೆ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದರು. ಬರುವಾಗ ಮೈಯೆಲ್ಲ ಕೆಸರು, ಬಕೆಟ್ಟಿನ ತುಂಬ ಸರಬರ ಸದ್ದು. ಬೆಳಿಗ್ಗೆ ಖಾರ ಕಮ್ಮಿ ಮಾಡಿ, ಒಂದಿಷ್ಟು ಕಾಳುಮೆಣಸು ಹಾಕಿ ಬೇಯಿಸಿದ ಏಡಿಯನ್ನು ತಟ್ಟೆಗೆ ಹಾಕಿಕೊಟ್ಟರು.

ಏಡಿಯನ್ನು ಗಬಗಬ ತಿನ್ನಲು ಯಾರಿಂದಲೂ ಆಗುವುದಿಲ್ಲ. ಕಾಲು ಮುರಿಯಬೇಕು, ಚಿಪ್ಪು ಒಡೆಯಬೇಕು, ಒಳಗಿನ ಚೂರು ಮಾಂಸವನ್ನು ಬೆರಳ ತುದಿಯಿಂದ ಕೆದಕಬೇಕು. ಕೈ ದುಡಿಯುವಷ್ಟು ಹೊತ್ತು ಬಾಯಿ ಕಾಯಲೇಬೇಕು. ಮೂವರೂ ಸುತ್ತ ಕೂತು ಕಟಕಟ ಮುರಿಯುತ್ತ, ಅತ್ತೆ ಗದ್ದೆಯಲ್ಲಿ ಜಾರಿಬಿದ್ದ ಕಥೆ ಕೇಳುತ್ತ ತಿಂದೆವು. ಹೊಟ್ಟೆ ತುಂಬಿತು, ಎದೆ ಹಿಡಿಯಲಿಲ್ಲ. ಹಾಜರಿಗೆ ತಡವಾಗಿ ಹೋಗಿ, "ಏಡಿ ತಿಂತಿದ್ದೆ" ಅಂದಾಗ ಧಣಿಗಳು ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು.

ಮುಂದೆ ಮಂಗಳೂರಿಗೆ ತೋರಿಸಲು ಹೋದಾಗ ಆ ಹುಡುಗಿಗೂ ಹೇಳಿದೆ. "ಬೆಳಿಗ್ಗೆ ಬೆಳಿಗ್ಗೆ ಏಡಿನಾ ಸಾರ್!" ಅಂತ ಕಣ್ಣರಳಿಸಿದಳು. "ಒಳ್ಳೇದೇ. ಚಿಪ್ಪು ನುಂಗ್ಬೇಡಿ, ಅಷ್ಟೆ."

ಮಳೆಗಾಲ ಮುಗಿದು ಗದ್ದೆಯಲ್ಲಿ ಏಡಿ ಸಿಗುವುದು ನಿಂತಿತು, ಅತ್ತೆಯೂ ಊರಿಗೆ ಹೋದರು. ಕೈಗೆ ಮಾತ್ರ ನಿಧಾನ ಅಂಟಿಕೊಂಡಿತ್ತು. ಹೆಸರುಕಾಳು ದೋಸೆಯನ್ನೂ ಚೂರು ಚೂರು ಮಾಡಿ, ಅಗಿದು ತಿನ್ನುವುದು ಕಲಿತೆ. ಬೆಳಿಗ್ಗೆ ಆದರೆ ಕಳಸದಿಂದ ಫೋನು: "ಇವತ್ತು ಎಂತ ತಿಂದ್ರಿ?" ಮೊಟ್ಟೆ ಅಂದರೆ ಅತ್ತೆಗೆ ಸಪ್ಪೆ, ಮೀನು ಅಂದರೆ ಖುಷಿ.

ಮರುವರ್ಷ ಅತ್ತೆ ಬಂದಾಗ ನಾನೂ ಅವರ ಜೊತೆ ಗದ್ದೆಗಿಳಿದೆ. ಎಷ್ಟೋ ವರ್ಷದ ಮೇಲೆ ಆರಾಮವಾಗಿ ಬಗ್ಗಿ ಬದುವಿನ ಬಿಲಕ್ಕೆ ಕೈ ಹಾಕಿದೆ. ಒಳಗಿದ್ದದ್ದು ಹೆಬ್ಬೆರಳು ಕಚ್ಚಿ ಹಿಡಿಯಿತು. ನಾನು ಕೂಗಿಕೊಂಡರೆ ಅತ್ತೆ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಬಿಡ್ಬೇಡಿ, ಬಿಡ್ಬೇಡಿ! ದೊಡ್ಡದಿದೆ ಅದು!"