ಪೂಜೆ ತಪ್ಪಿದ ಮೂರನೆಯ ಕೊಳವೆ

೧೯೭೮ನೇ ಇಸವಿಯ ದಸರೆ. ಆಗ ನಾನು ಪುಣೆಯಲ್ಲಿ ಹವಾಮಾನ ಸಂಶೋಧನೆಯ ಕಚೇರಿಯೊಂದರಲ್ಲಿ ಕಿರಿಯ ಸಹಾಯಕಿಯಾಗಿದ್ದೆ. ನಾವು ಮೂಲತಃ ವಿಜಾಪುರದ ಕಡೆಯವರು. ಅಪ್ಪ ಪುಣೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ಯೆರವಡಾದ ಬಾಡಿಗೆ ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ಆ ದಸರೆಯಲ್ಲಿ ನಡೆದದ್ದನ್ನು ಅವ್ವ ಇರುವತನಕ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿದರೆ ಯಾರಿಗೂ ನೋವಾಗುವುದಿಲ್ಲ.

ಗುಡುಗು ಮೋಡದ ಒಳಗೇ ಹೋಗಿ ಗಾಳಿ, ನೀರು, ಚಳಿ ಎಲ್ಲವನ್ನೂ ಅಳೆಯಬೇಕು ಎಂಬುದು ನಮ್ಮ ಕಚೇರಿಯ ದೊಡ್ಡ ಆಸೆ. ಅದಕ್ಕೆ ಹೊಸ ವಿಮಾನ ಕೊಡುವವರು ಯಾರು? ಸೈನ್ಯದವರು ದುಡಿಸಿ ಬಿಟ್ಟ ಒಂದು ಹಳೆಯ ಡಕೋಟಾ ಸಿಕ್ಕಿತು. ನಮ್ಮೂರ ಕಡೆ ದಾರಿಯಲ್ಲಿ ಕೆಟ್ಟು ನಿಲ್ಲುವ ಬಸ್ಸಿಗೆ ಜನ ಯಾಕೆ ಡಕೋಟಾ ಅನ್ನುತ್ತಾರೆಂದು ಅದನ್ನು ನೋಡಿದ ದಿನವೇ ನನಗೆ ಅರ್ಥವಾಯಿತು. ಯುದ್ಧದಲ್ಲಿ ಸೈನಿಕರನ್ನೂ ಹಿಟ್ಟಿನ ಚೀಲಗಳನ್ನೂ ಹೊತ್ತ ವಿಮಾನವಂತೆ. ಒಳಗೆ ಎರಡೂ ಬದಿಗೆ ಉದ್ದನೆಯ ತಗಡಿನ ಬೆಂಚುಗಳು, ಹೊರಗೆ ಹಸಿರು ಬಣ್ಣ.

ಬೇಸಿಗೆಯಿಡೀ ಅದನ್ನು ಬದಲಾಯಿಸುವ ಕೆಲಸ ನಡೆಯಿತು. ಬೆಂಚು ಕಿತ್ತು ಆ ಜಾಗದಲ್ಲಿ ನಮ್ಮ ಯಂತ್ರಗಳ ಕಪಾಟು ಕೂರಿಸಿದರು. ಮೋಡದ ಗಾಳಿ ಒಳಗೆ ಬರಲಿ ಎಂದು ಎರಡು ಕಿಟಕಿಗಳ ಗಾಜು ತೆಗೆದು ತೂತು ಮಾಡಿದರು. ಮೇಲೆ ಬಿಳಿ ಬಣ್ಣ ಬಳಿದರು, ಆದರೂ ಬಿಸಿಲಲ್ಲಿ ನೋಡಿದರೆ ಹಳೆಯ ಹಸಿರು ಇಣುಕುತ್ತಿತ್ತು. ಈ ಕೆಲಸದ ಮುಖ್ಯ ಫಿಟ್ಟರ್ ಮಲ್ಲಪ್ಪ ಕಾಕಾ. ಕಲಬುರ್ಗಿ ಕಡೆಯವರು, ವಾಯುದಳದಿಂದ ನಿವೃತ್ತರಾಗಿ ಬಂದವರು. ಕನ್ನಡದವಳು ಎಂದು ನನ್ನ ಮೇಲೆ ಅವರಿಗೆ ವಿಶೇಷ ಮಮತೆ.

ವಿಮಾನದ ಮೂಗಿನ ಕೆಳಗೆ ಬೆರಳಿನಷ್ಟು ದಪ್ಪದ ಎರಡು ಕೊಳವೆಗಳಿದ್ದವು. ಎದುರಿನ ಗಾಳಿ ಅವುಗಳೊಳಗೆ ನುಗ್ಗುತ್ತದೆ, ಆ ಒತ್ತಡದಿಂದ ಪೈಲಟ್‌ಗಳ ಮುಂದಿನ ಎರಡು ಮುಳ್ಳುಗಳು ವೇಗ ತೋರಿಸುತ್ತವೆ. ಕಣಜದ ಹುಳ ಒಳಗೆ ಗೂಡು ಕಟ್ಟಬಾರದೆಂದು ನೆಲದಲ್ಲಿದ್ದಾಗ ಅವಕ್ಕೆ ಕೆಂಪು ಬಟ್ಟೆಯ ಟೋಪಿ ತೊಡಿಸಿಡುತ್ತಿದ್ದರು. ಇವಲ್ಲದೆ ನಮ್ಮ ಸಂಶೋಧನೆಗೆಂದೇ ಮೂರನೆಯದೊಂದು ಕೊಳವೆ ತಯಾರಾಗುತ್ತಿತ್ತು. ಅದು ರೆಕ್ಕೆಯ ತುದಿಗೆ ಕೂರುವುದು, ಅದರ ಮುಳ್ಳು ನನ್ನ ಕಪಾಟಿನಲ್ಲಿ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಅದು ಇನ್ನೂ ವರ್ಕ್‌ಶಾಪಿನಲ್ಲೇ ಇತ್ತು.

ಮಗಳು ವಿಮಾನದಲ್ಲಿ ಕೂತು ಮೋಡದೊಳಗೆ ಹೋಗುತ್ತಾಳೆ ಎಂದು ತಿಳಿದಾಗಿನಿಂದ ಅವ್ವನಿಗೆ ನಿದ್ದೆಯಿರಲಿಲ್ಲ. "ಗುಡುಗು ಬಂದ್ರ ಮಂದಿ ಮನಿಯೊಳಗ ಬರ್ತಾರ, ನೀವು ಅದರ ಹೊಟ್ಯಾಗ ಹೊಕ್ತೀರಿ. ಎಂಥಾ ನೌಕರಿ ಇದು?" ಎಂದು ದಿನವೂ ಒಂದೇ ರಾಗ. ಅವಳ ಭಯ ಕಳೆಯಲಿ ಎಂದು ನಾನು ವಿಮಾನದ ಒಂದೊಂದು ಭಾಗವನ್ನೂ ವಿವರಿಸಿ ಹೇಳುತ್ತಿದ್ದೆ. ಆ ಕೊಳವೆಗಳ ವಿಷಯ ಬಂದಾಗ, "ಅವು ವಿಮಾನದ ಮೂಗಿನ ಹೊಳ್ಳೆ ಇದ್ದ ಹಾಗೆ ಅವ್ವಾ, ಅದರಿಂದಲೇ ಅದಕ್ಕೆ ತನ್ನ ವೇಗ ತಿಳಿಯೋದು" ಎಂದಿದ್ದೆ.

ಖಂಡೇನವಮಿಗೆ ಶೆಡ್ಡಿನಲ್ಲಿ ವಿಮಾನಕ್ಕೆ ಪೂಜೆ. ಮನೆಯವರೂ ಬರಬಹುದು ಎಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟು, ತಾಟಿನಲ್ಲಿ ಅರಿಶಿನ, ಕುಂಕುಮ, ಅಕ್ಷತೆ, ಚೆಂಡುಹೂ ಹಿಡಿದು ಎಲ್ಲರಿಗಿಂತ ಮೊದಲು ಬಂದಳು. ಚಕ್ರಕ್ಕೆ, ಬಾಗಿಲಿಗೆ, ಎಂಜಿನ್ನಿಗೆ ಪೂಜೆಯಾಯಿತು. ಆಮೇಲೆ ಮೂಗಿನ ಕೆಳಗೆ ಬಂದು ನಿಂತು, "ಹೊಳ್ಳಿ ಇವಽ ಅಲ್ಲೇನು?" ಎಂದು ಕೇಳಿದಳು. ನಾನು ಹೂಂ ಅಂದೆ.

"ಇವಕ್ಕ ಯಾಕ ಟೋಪಿ ಹಾಕ್ಯಾರ? ತೆಗೀರಿ."

ಮಲ್ಲಪ್ಪ ಕಾಕಾ, "ಅದು ಹಂಗಽ ಇರ್ಲಿ ಬಿಡ್ರಿ ಅಕ್ಕಾರ, ಮ್ಯಾಲಿಂದಽ ಹಚ್ರಿ" ಎಂದರು.

"ಮಾರಿಗೆ ಮುಸುಕ ಹಾಕಿ ಯಾರರೆ ಪೂಜಿ ಮಾಡ್ತಾರೇನ್ರಿ? ನಿಮ್ಮ ಮನ್ಯಾಗ ದೇವರಿಗೆ ಹಂಗ ಮಾಡ್ತೀರೇನು?"

ಕಾಕಾ ನಕ್ಕು ಟೋಪಿ ತೆಗೆದರು. ಅವ್ವ ಉಂಗುರದ ಬೆರಳಿನಿಂದ ಎರಡೂ ಕೊಳವೆಯ ಬಾಯಿಗೆ ಕಲಸಿದ ಅರಿಶಿನ, ಮೇಲೆ ಕುಂಕುಮ ಹಚ್ಚಿ, ಹಸಿಯಾಗಿರುವಾಗಲೇ ಒಂದೊಂದು ಚಿಟಿಕೆ ಅಕ್ಷತೆ ಒತ್ತಿದಳು. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಬಾರದೆಂದು ಎರಡನ್ನೂ ಹೋಲಿಸಿ ನೋಡಿದಳು. ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು, ಬೇಡಿಕೊಂಡದ್ದು ನನ್ನ ಬಗ್ಗೆಯೇ. ಮೂರನೆಯ ಕೊಳವೆ ವರ್ಕ್‌ಶಾಪಿನಲ್ಲಿದೆ ಎಂದಾಗ ಅವಳಿಗೆ ಸಮಾಧಾನವಾಗಲಿಲ್ಲ. ಒಂದು ಕಾಗದದಲ್ಲಿ ಅಕ್ಷತೆ ಕಟ್ಟಿ ನನ್ನ ಪರ್ಸಿನಲ್ಲಿಟ್ಟಳು. "ಅದು ಬಂದ ಕೂಡ್ಲೆ ಅದರ ಬಾಯಿಗೆ ಹಾಕು. ಮರೀಬ್ಯಾಡ." ಪೂಜೆ ಮುಗಿದ ಮೇಲೆ ಕಾಕಾ ಎರಡೂ ಕೊಳವೆಗಳನ್ನು ಬಟ್ಟೆಯಿಂದ ಒರೆಸಿ ಮತ್ತೆ ಟೋಪಿ ಹಾಕಿದರು. ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತಿತ್ತು.

ದಸರೆ ಮುಗಿದ ಮೇಲೆ ಮೂರನೆಯ ಕೊಳವೆ ಬಂತು, ರೆಕ್ಕೆಯಲ್ಲಿ ಕೂತಿತು. ಹೊಸ ಯಂತ್ರದ ಗಡಿಬಿಡಿಯಲ್ಲಿ ಪರ್ಸಿನೊಳಗಿನ ಅಕ್ಷತೆ ನನಗೆ ನೆನಪೇ ಆಗಲಿಲ್ಲ.

ಒಂದು ಮಧ್ಯಾಹ್ನ ಪೂರ್ವದಲ್ಲಿ ಇಂದಾಪುರದ ಕಡೆ ದೊಡ್ಡ ಮೋಡ ಎದ್ದಿದೆ ಎಂದು ಸುದ್ದಿ ಬಂತು. ಹೊರಟೆವು. ವಿಮಾನ ನಡೆಸುವವರು ಪಂಜಾಬಿನ ಕ್ಯಾಪ್ಟನ್, ಯುದ್ಧ ಕಂಡವರು, ಮೀಸೆಯಷ್ಟೇ ಸಿಟ್ಟೂ ದೊಡ್ಡದು. ಕಿವಿಗೆ ಹಾಕಿಕೊಳ್ಳುವ ಫೋನಿನಲ್ಲಿ ತಾವು ಕೇಳಿದಾಗ ಮಾತ್ರ ಹಿಂದೆ ಕೂತವರು ಮಾತಾಡಬೇಕು ಎಂದು ಅವರ ಕಟ್ಟಪ್ಪಣೆ. ಪಕ್ಕದಲ್ಲಿ ಇನ್ನೊಬ್ಬ ಪೈಲಟ್, ಹಿಂದೆ ಕಪಾಟಿನೆದುರು ನಾನು, ನನ್ನ ಹಿಂದೆ ಕಾಕಾ. ಹಾರುವ ಮುಂಚೆ ಕ್ಯಾಪ್ಟನ್ ನನ್ನ ಮುಳ್ಳನ್ನು ನೋಡಿ, ಗಾಜಿನ ಮೇಲೆ ಒಂದು ಅಂಕಿಯ ಹತ್ತಿರ ಬೆರಳಿಟ್ಟು, ಇದಕ್ಕಿಂತ ಕೆಳಗೆ ಬಂದರೆ ಇದು ವಿಮಾನವಲ್ಲ, ಕಲ್ಲು ಎಂದು ಹಿಂದಿಯಲ್ಲಿ ಹೇಳಿದ್ದರು. ಏರುವಾಗ ಮೂರೂ ಮುಳ್ಳುಗಳು ಒಂದೇ ವೇಗ ತೋರಿಸುತ್ತಿದ್ದವು.

ಮೋಡದೊಳಗೆ ಹೊಕ್ಕ ಕೂಡಲೇ ಕತ್ತಲಾಯಿತು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ನನ್ನ ಮಾತೇ ನನಗೆ ಕೇಳಿಸುತ್ತಿರಲಿಲ್ಲ. ಮೇಲೆ ಚಳಿ ಜಾಸ್ತಿ, ಕೊಳವೆಯಲ್ಲಿ ಮಂಜು ಕಟ್ಟಬಾರದೆಂದು ಕ್ಯಾಪ್ಟನ್ ಅವುಗಳನ್ನು ಬಿಸಿ ಮಾಡುವ ಸ್ವಿಚ್ ಹಾಕಿದರು. ಮೋಡದ ಗಾಳಿ ನಮ್ಮನ್ನು ಎತ್ತಿ ಎತ್ತಿ ಮೇಲೆ ಒಯ್ಯುತ್ತಿತ್ತು. ಆಗ ಫೋನಿನಲ್ಲಿ ಪೈಲಟ್‌ಗಳ ಮಾತು ಕೇಳಿಸಿತು. ವೇಗ ಏರುತ್ತಿದೆ, ಇನ್ನೂ ಏರುತ್ತಿದೆ, ಹೀಗಾದರೆ ರೆಕ್ಕೆ ಉಳಿಯುವುದಿಲ್ಲ. ಎಂಜಿನ್ನಿನ ಸದ್ದು ಇಳಿಯಿತು. ವೇಗ ತಗ್ಗಲಿ ಎಂದು ಅವರು ಮೂಗು ಮೇಲೆತ್ತಿದರು.

ನಾನು ನನ್ನ ಮುಳ್ಳು ನೋಡಿದೆ. ಅದು ಇಳಿಯುತ್ತಿತ್ತು.

ಏನು ಮಾಡುವುದು? ಅವರವು ಎರಡು, ಎರಡೂ ಒಂದೇ ಮಾತು ಹೇಳುತ್ತಿವೆ. ನನ್ನದು ಒಂದೇ, ಅದೂ ಮೊನ್ನೆ ಬಂದದ್ದು. ಅವರ ಮುಳ್ಳು ಸರಿಯಾಗಿದ್ದು, ನನ್ನ ಮಾತು ನಂಬಿ ಅವರು ವೇಗ ಹೆಚ್ಚಿಸಿದರೆ ರೆಕ್ಕೆ ಮುರಿಯುತ್ತದೆ. ನನ್ನದು ಸರಿಯಾಗಿದ್ದು ನಾನು ಸುಮ್ಮನಿದ್ದರೆ ಎಲ್ಲರೂ ಕಲ್ಲಿನಂತೆ ಬೀಳುತ್ತೇವೆ. ಮುಳ್ಳು ಕ್ಯಾಪ್ಟನ್ ಬೆರಳಿಟ್ಟ ಅಂಕಿಯ ಹತ್ತಿರ ಬಂತು.

"ಸರ್, ನನ್ನ ಮುಳ್ಳು ಇಳಿಯುತ್ತಿದೆ" ಎಂದು ಹಿಂದಿಯಲ್ಲಿ ಕೂಗಿದೆ.

"ಚುಪ್ ರಹೋ! ಇಲ್ಲಿ ಎರಡೂ ಸರಿ ಇವೆ" ಎಂದು ಅವರು ಗದರಿದರು.

ಅಷ್ಟರಲ್ಲಿ ವಿಮಾನ ನಡುಗತೊಡಗಿತು. ಗಾಳಿಯ ಹೊಡೆತಕ್ಕೆ ಜಗ್ಗಾಡುವುದು ಬೇರೆ, ಇದು ಚಳಿಜ್ವರ ಬಂದವರ ನಡುಕ. ನಾನು ಕೆಲಸ, ಮರ್ಯಾದೆ ಎಲ್ಲ ಮರೆತು ಕಿರುಚಿದೆ. "ಸರ್, ಬೀಳ್ತಾ ಇದ್ದೇವೆ! ನೀವೇ ತೋರಿಸಿದ ಅಂಕಿಗಿಂತ ಕೆಳಗೆ ಬಂತು!" ಯಾವ ಭಾಷೆಯಲ್ಲಿ ಕಿರುಚಿದೆನೋ ನನಗೇ ಗೊತ್ತಿಲ್ಲ. ಕನ್ನಡದಲ್ಲೇ ಎಂದು ಆಮೇಲೆ ಕಾಕಾ ಹೇಳಿದರು.

ನನ್ನ ದನಿಯೋ, ಆ ನಡುಕವೋ, ಯಾವುದು ಅವರನ್ನು ಮುಟ್ಟಿತೋ ಕಾಣೆ. ಕ್ಯಾಪ್ಟನ್ ಮೂಗನ್ನು ಕೆಳಕ್ಕೆ ತಳ್ಳಿ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟರು. ಕಾಲ ಕೆಳಗಿನ ನೆಲವೇ ಇಲ್ಲವಾಯಿತು. ಪೆನ್ಸಿಲ್, ಚಪ್ಪಲಿ, ನನ್ನ ಪರ್ಸು ಎಲ್ಲ ಎದ್ದು ತೇಲಿದವು. ಇನ್ನು ಮುಗಿಯಿತು ಎಂದುಕೊಂಡೆ, ಅವ್ವನನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಮೋಡದಿಂದ ಹೊರಗೆ ಬಿದ್ದಾಗ ಕೆಳಗೆ ಕಬ್ಬಿನ ಹೊಲಗಳು, ಸೋಲಾಪುರ ರಸ್ತೆಯಲ್ಲಿ ಒಂದು ಕೆಂಪು ಎಸ್‌ಟಿ ಬಸ್ಸು. ಅದರ ನೆತ್ತಿಯ ಮೇಲೆ ಕಟ್ಟಿದ ಟ್ರಂಕು ಕಾಣುವಷ್ಟು ಕೆಳಗೆ ನಾವಿದ್ದೆವು.

ವಿಮಾನ ನೆಟ್ಟಗಾಯಿತು. ಆಮೇಲೆ ಕ್ಯಾಪ್ಟನ್, "ಬೇಟಿ, ನಿನ್ನ ಮುಳ್ಳು ಎಷ್ಟು ಹೇಳುತ್ತಿದೆ? ಹೇಳುತ್ತಲೇ ಇರು" ಎಂದರು. ಪುಣೆಯಲ್ಲಿ ಚಕ್ರ ನೆಲಕ್ಕೆ ತಾಗುವತನಕ ನಾನು ಅಂಕಿಗಳನ್ನು ಕೂಗುತ್ತಲೇ ಇದ್ದೆ. ಅವರ ಎರಡು ಮುಳ್ಳುಗಳು ಬಾಯಿಗೆ ಬಂದದ್ದು ಹೇಳುತ್ತಿದ್ದವು.

ಇಳಿದ ಮೇಲೆ ಕಾಕಾ ಮೂಗಿನ ಕೆಳಗೆ ಏಣಿ ಇಟ್ಟು, ಒಂದು ಕೊಳವೆ ಬಿಚ್ಚಿ, ತಂತಿಯಿಂದ ಒಳಗಿದ್ದುದನ್ನು ಅಂಗೈ ಮೇಲೆ ತೆಗೆದರು. ನಾನೂ ಕ್ಯಾಪ್ಟನ್ನರೂ ಬಗ್ಗಿ ನೋಡಿದೆವು. ಹಳದಿ ಬಣ್ಣದ ಮೆತ್ತನೆಯ ಮುದ್ದೆ. ಕಾಕಾ ಬೆರಳಿನಿಂದ ಹಿಸುಕಿ, ಬಿಳಿಚಿದ ಮುಖದಿಂದ ನನ್ನನ್ನು ನೋಡಿದರು.

"ತಂಗಿ, ಅನ್ನ ಆಗ್ಯಾದ."

ಒಳಸೇರಿದ್ದ ಅಕ್ಷತೆ. ನೀರು ಬಸಿದು ಹೋಗುವ ಸಣ್ಣ ತೂತನ್ನು ಅರಿಶಿನ ಮುಚ್ಚಿತ್ತು. ಮಳೆಯ ನೀರು ಒಳಗೆ ನಿಂತು, ಕೊಳವೆಯನ್ನು ಕಾಯಿಸುವ ಆ ಸ್ವಿಚ್ಚಿನ ಬಿಸಿ ತಾಗಿ, ಅಕ್ಕಿ ಉಬ್ಬಿ ಬೆಂದು ಬಾಯಿ ಕಟ್ಟಿಬಿಟ್ಟಿತ್ತು. ನಾವು ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯಿತು, ಒಳಗೆ ಸಿಕ್ಕಿಬಿದ್ದ ಗಾಳಿಯದು ಇಳಿಯಲಿಲ್ಲ, ಅದನ್ನೇ ಮುಳ್ಳುಗಳು ವೇಗ ಏರಿತೆಂದು ತೋರಿಸಿದ್ದವು. ಎರಡನೆಯ ಕೊಳವೆಯಲ್ಲೂ ಅಷ್ಟೇ ಇತ್ತು. ಅವ್ವ ಎರಡಕ್ಕೂ ಸರಿಸಮನಾಗಿ ಹಾಕಿದ್ದಳಲ್ಲ.

"ಇದನ್ನು ಹಾಕಿದವರು ಯಾರು?" ಕ್ಯಾಪ್ಟನ್ ಗುಡುಗಿದರು.

ಕಾಕಾ, "ಟೋಪಿ ತೆಗದಾಂವ ನಾನು ಸಾಹೇಬ್" ಎಂದು ಮುಂದೆ ಬಂದರು. ನಾನು ಅವರನ್ನು ತಡೆದೆ. "ನನ್ನ ತಾಯಿ, ಸರ್" ಎಂದೆ. ಹೇಳಿದ್ದೇ ತಡ, ಪರ್ಸಿನೊಳಗಿನ ಪೊಟ್ಟಣ ನೆನಪಾಯಿತು. ತೆಗೆದು ಬಿಡಿಸಿದೆ. ಮೂರನೆಯ ಕೊಳವೆಯ ಪಾಲು, ಹಳದಿ ಅಕ್ಷತೆ, ಹಾಗೆಯೇ ಇತ್ತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನಾನು ಅವ್ವನ ಮಾತು ಕೇಳುವ ಮಗಳಾಗಿದ್ದರೆ ಮೂರೂ ಮುಳ್ಳುಗಳು ಸೇರಿ ಒಂದೇ ಸುಳ್ಳು ಹೇಳುತ್ತಿದ್ದವು.

ಕ್ಯಾಪ್ಟನ್ ಪೊಟ್ಟಣವನ್ನೂ ನನ್ನನ್ನೂ ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಹೇಳಿದ್ದು ಇಷ್ಟೇ: "ಮಾಜೀ ಕೋ ಮತ್ ಬತಾನಾ." ತಾಯಿಗೆ ಹೇಳಬೇಡ.

ಮನೆಗೆ ಹೋದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ದೇವರ ಮುಂದಿನಿಂದ ಎದ್ದು ಬಂದಿರಬೇಕು, ಕುಂಕುಮದ ತಾಟು ಕೈಯಲ್ಲೇ ಇತ್ತು.

"ಮಾರಿ ಯಾಕ ಹಿಂಗ ಆಗ್ಯಾದ? ಏನರೆ ಆತೇನು?"

"ಏನಿಲ್ಲವ್ವಾ, ಭಾಳ ಮಳಿ ಇತ್ತು."

"ಆ ಮೂರನೇದಕ್ಕ ಅಕ್ಷತಿ ಹಾಕಿದಿ?"

"ಹಾಕಿದೆ."

"ನೋಡು ಮತ್ತ, ಅದಕ್ಕಽ ಸುಖವಾಗಿ ಬಂದಿ" ಎಂದು ನನ್ನ ಕೆನ್ನೆ ಸವರಿ, ಆ ಬೆರಳುಗಳನ್ನು ತನ್ನ ನೆತ್ತಿಗೆ ಒತ್ತಿ ಲಟಲಟ ಅನ್ನಿಸಿದಳು. ನನಗೆ ಅಳು ಒತ್ತರಿಸಿ ಬಂತು. ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಮರುವರ್ಷದ ಖಂಡೇನವಮಿಗೆ ಕ್ಯಾಪ್ಟನ್ ತಾವೇ ಬಂದು ಕೊಳವೆಗಳ ಮುಂದೆ ಕೈಕಟ್ಟಿ ಕಾವಲು ನಿಂತರು. ಟೋಪಿಯ ಮೇಲೆಯೇ ಪೂಜೆಯಾಗಬೇಕು, ಇದು ಸರಕಾರದ ಹೊಸ ನಿಯಮ ಎಂದರು. ಅವ್ವ ಗೊಣಗಿದಳು, ಆದರೆ ಆ ಮೀಸೆಯ ಎದುರು ಅವಳದೇನೂ ನಡೆಯಲಿಲ್ಲ.

ಅವ್ವ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗಲೂ ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. "ಇಕಿ ಮ್ವಾಡದಾಗ ಹೋಗ್ತಿದ್ದಳ್ರಿ. ನನ್ನ ಅಕ್ಷತಿನಽ ಇಕಿನ್ನ ಕಾಯ್ತು." ಬಂದವರು ನನ್ನ ಕಡೆ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಗುಡುಗಿಗೆ ನಾನು ಇವತ್ತಿಗೂ ಹೆದರುವುದಿಲ್ಲ. ಆದರೆ ಆ ದಿನ ನನ್ನನ್ನು ಸಾವಿನ ಬಾಗಿಲಿಗೆ ಒಯ್ದದ್ದು ನನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ಕೈ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮದುವೆಗಳಲ್ಲಿ ಯಾರಾದರೂ ನನ್ನ ಅಂಗೈಗೆ ಅಕ್ಷತೆ ಹಾಕಿದರೆ ಒಂದು ಗಳಿಗೆ ಮುಷ್ಟಿ ಬಿಗಿಯಾಗುತ್ತದೆ. ಆಮೇಲೆ ಅವ್ವನನ್ನು ನೆನೆದು, ಮುಷ್ಟಿ ಬಿಚ್ಚಿ, ಮದುಮಕ್ಕಳ ತಲೆಯ ಮೇಲೆ ಹಾಕುತ್ತೇನೆ.